ಬಾಟಲಿ ಮೇಲಿನ ಕಾಗದದ ಪಟ್ಟಿ: ಫಾರ್ಮಸಿ ಪಾಠ ಹೇಗೆ ಬದಲಾಯಿತು?



ಇವತ್ತು ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಎಪ್ಪತ್ತು ದಾಟಿದ ಅಜ್ಜಿಯೋ ತಾತನೋ ಇದ್ದರೆ ಕೇಳಿ, "ನೀವು ಚಿಕ್ಕವರಿದ್ದಾಗ ಆಸ್ಪತ್ರೆಯಲ್ಲಿ ಔಷಧಿ ಹೇಗೆ ಕೊಡ್ತಿದ್ರು?" ಬಹುತೇಕರು ಹೇಳೋ ಚಿತ್ರ ಒಂದೇ. ಮನೆಯಿಂದಲೇ ತೊಳೆದು ತಗೊಂಡು ಹೋದ ಗಾಜಿನ ಬಾಟಲಿ. ಸರ್ಕಾರಿ ಆಸ್ಪತ್ರೆಯ ಕಿಟಕಿ. ಕಿಟಕಿ ಒಳಗೆ ಕಾಂಪೌಂಡರ್. ಅವರು ಬಾಟಲಿಗೆ ಸುರಿದುಕೊಡುತ್ತಿದ್ದ ಕೆಂಪು ಮಿಕ್ಸ್ಚರ್. ಆಮೇಲೆ ಬಾಟಲಿಯ ಪಕ್ಕಕ್ಕೆ ಅಂಟಿಸಿದ ಒಂದು ಕಾಗದದ ಪಟ್ಟಿ. ಪಟ್ಟಿಯನ್ನ ಮಡಚಿ, ಕತ್ತರಿಯಲ್ಲಿ ಅಂಚಿಗೆ ಕಚ್ಚು ಹಾಕಿರುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಡೋಸು.

ಆ ಪಟ್ಟಿ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಓದೋಕೆ ಬಾರದವರಿಗೂ ಅರ್ಥ ಆಗುತ್ತೆ. ಚಮಚದ ಅಳತೆ ತಪ್ಪೋ ಮಾತೇ ಇಲ್ಲ. ಎಷ್ಟು ಕುಡಿದಾಯ್ತು, ಎಷ್ಟು ಉಳಿದಿದೆ ಅಂತ ಮನೆಯವರೆಲ್ಲ ನೋಡಬಹುದು. ಔಷಧಿ ಕೊಡೋನು ಔಷಧಿ ತಗೊಳ್ಳೋನ ಜೊತೆ ಮಾತಾಡೋ ಒಂದು ವಿಧಾನ ಅದು.

ಇವತ್ತಿನ ಕಥೆ ಫಾರ್ಮಸಿ ಕಾಲೇಜುಗಳದ್ದು. ನಮ್ಮ ದೇಶದಲ್ಲಿ ಔಷಧಿ ಬಗ್ಗೆ ಪಾಠ ಮಾಡೋ ರೀತಿ ಸುಮಾರು 90 ವರ್ಷಗಳಲ್ಲಿ ಹೇಗೆಲ್ಲಾ ಬದಲಾಯ್ತು ಅನ್ನೋದು. ನನಗೆ ಇದರಲ್ಲಿ ಕಾಡಿದ್ದು ಒಂದೇ ವಿಷಯ. ಕಾಂಪೌಂಡರ್‌ಗೆ ಕೈಯಳತೆಯಲ್ಲೇ ಗೊತ್ತಿದ್ದ ಆ ಪಟ್ಟಿಯ ಕೆಲಸ ಪದವಿ ಪಾಠದೊಳಗೆ ವಾಪಸ್ ಬರೋಕೆ ಯಾಕೆ ಇಷ್ಟು ವರ್ಷ ಹಿಡೀತು?

ಮೊದಲು ಕಾಂಪೌಂಡರ್ ಹೇಗೆ ಕಲಿತಿದ್ದರು ನೋಡೋಣ. ಬಹಳಷ್ಟು ಮಂದಿ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಡಾಕ್ಟರ ಶಾಪಲ್ಲೋ ಆಸ್ಪತ್ರೆಯಲ್ಲೋ ಹುಡುಗನಾಗಿ ಸೇರೋದು. ಮೊದಲು ಬಾಟಲಿ ತೊಳೆಯೋದು, ಆಮೇಲೆ ಕಲ್ಲಿನ ಒರಳಲ್ಲಿ ಪುಡಿ ಅರೆಯೋದು, ಆಮೇಲೆ ತಕ್ಕಡಿ ಮುಟ್ಟೋದು. ಚೀಟಿ ಮೇಲಿನ ಲ್ಯಾಟಿನ್ ಗುರುತುಗಳು ನೋಡಿ ನೋಡಿಯೇ ಬಾಯಿಪಾಠ. ಟಿ.ಡಿ.ಎಸ್. ಅಂದ್ರೆ ದಿನಕ್ಕೆ ಮೂರು ಸಲ, ಎಚ್.ಎಸ್. ಅಂದ್ರೆ ಮಲಗೋ ಹೊತ್ತಿಗೆ. ಪಕ್ಕಾ ಗುರುಕುಲ. ನೋಡಿ ಕಲಿ, ಮಾಡಿ ಕಲಿ, ಬೈಸಿಕೊಂಡು ಕಲಿ.

ಇದರಲ್ಲಿ ಒಳ್ಳೇದೂ ಇತ್ತು, ಅಪಾಯವೂ ಇತ್ತು. ಕೈ ಪಳಗುತ್ತಿತ್ತು, ಊರಿನ ಜನರ ಮಾತು ಗೊತ್ತಿರುತ್ತಿತ್ತು. ಆದರೆ ಡಬ್ಬಿಯಲ್ಲಿ ಬಂದ ಪುಡಿ ನಿಜವಾಗಲೂ ಕ್ವಿನೈನಾ, ಇಲ್ಲಾ ಕಲಬೆರಕೆಯಾ ಅಂತ ಪರೀಕ್ಷೆ ಮಾಡೋಕೆ ಅವರಿಗೆ ಬರ್ತಿರಲಿಲ್ಲ. ಮಲೇರಿಯಾ ಊರೂರು ತಿಂತಿದ್ದ ಕಾಲ ಅದು. ಕಲಬೆರಕೆ ಕ್ವಿನೈನ್ ಅಂದ್ರೆ ಸಾವು. 1927ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲೇ ಈ ವಿಷಯ ಚರ್ಚೆಗೆ ಬಂತು. 1930ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಕಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ರಾಮನಾಥ ಚೋಪ್ರಾ. ಮುಂದಿನ ವರ್ಷ ವರದಿ ಬಂತು. ಔಷಧಿಗಳ ಗುಣಮಟ್ಟಕ್ಕೆ ಕಾನೂನು ಬೇಕು, ಔಷಧಿ ಕೊಡೋರಿಗೆ ಸರಿಯಾದ ಶಿಕ್ಷಣ ಬೇಕು, ಇದು ಅದರ ಸಾರ.

ವರದಿ ಬಂದ ಮರುವರ್ಷ, ಅಂದ್ರೆ 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರ ಬಿ.ಎಸ್‌ಸಿ.ಯ ಒಂದು ವಿಷಯವಾಗಿ ಶುರುವಾಯ್ತು. ಮದನ ಮೋಹನ ಮಾಳವೀಯರು ಕಟ್ಟಿದ ವಿಶ್ವವಿದ್ಯಾಲಯ. ಪಾಠ ಕಟ್ಟಿದವರು ಮಹಾದೇವ ಲಾಲ್ ಶ್ರಾಫ್, ಅಮೆರಿಕದ ಎಂಐಟಿಯಲ್ಲಿ ಓದಿ ಬಂದವರು. 1937ರಲ್ಲಿ ಅದು ಪೂರ್ತಿ ಬಿ.ಫಾರ್ಮಾ ಪದವಿಯಾಯ್ತು, ನಮ್ಮ ದೇಶದಲ್ಲೇ ಮೊದಲನೇದು. ಇವತ್ತಿಗೂ ಶ್ರಾಫ್ ಅವರ ಹುಟ್ಟಿದ ದಿನ ಮಾರ್ಚ್ 6ನ್ನ ಫಾರ್ಮಸಿ ಶಿಕ್ಷಣ ದಿನ ಅಂತ ಆಚರಿಸ್ತಾರೆ.

ಇಲ್ಲೊಂದು ನಿಮಿಷ ನಿಲ್ಲಿ. ಪದವಿ ಪಾಠ ಹುಟ್ಟಿದ್ದು ಆಸ್ಪತ್ರೆಯ ಕಿಟಕಿ ಹತ್ತಿರ ಅಲ್ಲವೇ ಅಲ್ಲ. ಅದು ಹುಟ್ಟಿದ್ದು ರಸಾಯನಶಾಸ್ತ್ರದ ಲ್ಯಾಬಿನಲ್ಲಿ. ಕಾರಣ ಅರ್ಥ ಆಗುತ್ತೆ. ಸ್ವದೇಶಿ ಚಳವಳಿಯ ಕಾಲ. ಮಾತ್ರೆ, ಇಂಜೆಕ್ಷನ್ ಎಲ್ಲ ಹಡಗಲ್ಲಿ ಬರ್ತಿತ್ತು. ಕಲ್ಕತ್ತಾದಲ್ಲಿ ಪಿ.ಸಿ. ರಾಯ್ 1901ರಲ್ಲೇ ಬೆಂಗಾಲ್ ಕೆಮಿಕಲ್ಸ್ ಕಂಪನಿ ಮಾಡಿ, ನಾವೂ ಮಾಡಬಹುದು ಅಂತ ತೋರಿಸಿದ್ದರು. ಹಾಗಾಗಿ ದೇಶಕ್ಕೆ ಬೇಕಾಗಿದ್ದು ಔಷಧಿ ತಯಾರಿಸೋ, ಪರೀಕ್ಷೆ ಮಾಡೋ ತಲೆಗಳು. ಶ್ರಾಫ್ ಅದಕ್ಕೆ ಬೇಕಾದ ಹುಡುಗರನ್ನೇ ತಯಾರು ಮಾಡಿದರು.

ಈ ಲ್ಯಾಬ್ ಪಾಠ ಯಾಕೆ ಮುಖ್ಯ ಅಂತ ಕೇಳಿದ್ರೆ ಅದೇ 1937ರ ಅಮೆರಿಕ ನೋಡಿ. ಸಲ್ಫನಿಲಮೈಡ್ ಅನ್ನೋ ಔಷಧಿಯನ್ನ ಸಿರಪ್ ಮಾಡೋಕೆ ಅಲ್ಲಿನ ಒಂದು ಕಂಪನಿಯ ಕೆಮಿಸ್ಟ್ ಅದನ್ನ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ. ರಾಸ್ಪ್‌ಬೆರಿ ರುಚಿ ಹಾಕಿದ. ರುಚಿ, ಬಣ್ಣ, ವಾಸನೆ ಎಲ್ಲ ನೋಡಿದರು, ವಿಷವಾ ಅಂತ ಮಾತ್ರ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳು ಬಹಳ. ಕೆಮ್ಮಿನ ಸಿರಪ್ ಸುದ್ದಿಯಲ್ಲಿ ಇದೇ ರಾಸಾಯನಿಕದ ಹೆಸರು ನೀವೂ ಈಚೆಗೆ ಕೇಳಿರ್ತೀರಿ. ಹಾಗಾಗಿ ಲ್ಯಾಬ್ ಪಾಠ ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ನೋಂದಣಿ ಇಲ್ಲದವರು ಡಾಕ್ಟರ ಚೀಟಿ ನೋಡಿ ಔಷಧಿ ಕೊಡಬಾರದು ಅನ್ನೋ ದಾರಿಗೆ ದೇಶ ಬಂತು. ಆದರೆ ಇದ್ದಕ್ಕಿದ್ದಂತೆ ಓದಿದವರನ್ನ ಎಲ್ಲಿಂದ ತರೋದು? ಅದಕ್ಕೇ ಮೊದಲ ರಿಜಿಸ್ಟರಿನಲ್ಲಿ ಒಂದು ಬಾಗಿಲು ಇಟ್ಟರು. ಆಸ್ಪತ್ರೆಯಲ್ಲೋ ಡಿಸ್ಪೆನ್ಸರಿಯಲ್ಲೋ ಐದು ವರ್ಷ ಔಷಧಿ ಬೆರೆಸಿದ ಅನುಭವ ಇದ್ದರೆ ಹೆಸರು ಬರೆಸಬಹುದಿತ್ತು. ನಮ್ಮ ಕಾಂಪೌಂಡರ್ ಹೀಗೆ ಫಾರ್ಮಾಸಿಸ್ಟ್ ಆದರು. ಕಾನೂನಿಗೂ ಒಂದೊಂದು ಸಲ ಮನಸ್ಸು ಇರುತ್ತೆ.

ಆಮೇಲೆ ನಿಧಾನಕ್ಕೆ ಎರಡು ಸಾಲು ಆಯ್ತು. ಡಿಪ್ಲೊಮಾ ಓದಿದವರು ಅಂಗಡಿ ಕೌಂಟರಿಗೆ, ಪದವಿ ಓದಿದವರು ಹೆಚ್ಚಾಗಿ ಕಾರ್ಖಾನೆಗೆ, ಔಷಧ ನಿಯಂತ್ರಣ ಇಲಾಖೆಗೆ, ಇಲ್ಲಾ ಮತ್ತೆ ಕಾಲೇಜಿಗೇ ಪಾಠ ಮಾಡೋಕೆ.

ಕರ್ನಾಟಕಕ್ಕೆ ಬರೋಣ. ಮಣಿಪಾಲದಲ್ಲಿ 1963ರಲ್ಲಿ, ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜು 1964ರಲ್ಲಿ, ಮೈಸೂರಿನ ಜೆಎಸ್ಎಸ್ 1973ರಲ್ಲಿ. ಆ ಕಾಲದ ಕ್ಲಾಸ್‌ರೂಮ್ ಒಳಗೆ ಏನು ನಡೀತಿತ್ತು? ನನಗೆ ಇದು ಈ ಎಪಿಸೋಡಿನ ಅತಿ ಇಷ್ಟದ ಭಾಗ.

ಒಂದು ಲ್ಯಾಬಿನಲ್ಲಿ ಡಿಸ್ಪೆನ್ಸಿಂಗ್. ಕಾಂಪೌಂಡರ್ ಕೆಲಸವನ್ನೇ ಇಲ್ಲಿ ಶಾಸ್ತ್ರೀಯವಾಗಿ ಮಾಡಿಸ್ತಾರೆ. ಕಾರ್ಮಿನೇಟಿವ್ ಮಿಕ್ಸ್ಚರ್, ಅಂದ್ರೆ ಹೊಟ್ಟೆ ಉಬ್ಬರದ ಔಷಧಿ. ಸೋಡಾ ಬೈಕಾರ್ಬ್, ಶುಂಠಿ ಟಿಂಕ್ಚರ್, ಏಲಕ್ಕಿ ಟಿಂಕ್ಚರ್. ಆ ಏಲಕ್ಕಿ ಟಿಂಕ್ಚರಿಗೆ ಕೆಂಪು ಬಣ್ಣ ಬರ್ತಿದ್ದದ್ದು ಕೋಚಿನೀಲ್ ಅನ್ನೋ ಪುಟ್ಟ ಕೀಟದಿಂದ. ಅಜ್ಜಿ ಹೇಳಿದ ಕೆಂಪು ಮಿಕ್ಸ್ಚರ್ ನೆನಪಾಯ್ತಾ? ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ, "ಕುಡಿಯುವ ಮುನ್ನ ಚೆನ್ನಾಗಿ ಅಲುಗಾಡಿಸಿ" ಅಂತ ಇಂಗ್ಲಿಷಿನಲ್ಲಿ ಬರೆದು ಮೇಷ್ಟ್ರ ಟೇಬಲ್ ಮೇಲಿಡಬೇಕು. ಲೇಬಲ್ ಸೊಟ್ಟ ಇದ್ದರೂ ಮಾರ್ಕ್ಸ್ ಕಟ್.

ಪುಡಿ ಬೆರೆಸೋಕೂ ಒಂದು ಚಂದದ ಉಪಾಯ ಕಲಿಸ್ತಾರೆ. ಚಿಟಿಕೆಯಷ್ಟು ಘಾಟಿ ಔಷಧಿಯನ್ನ ದೊಡ್ಡ ರಾಶಿ ಸಕ್ಕರೆ ಪುಡಿಗೆ ಬೆರೆಸಬೇಕು ಅಂದ್ಕೊಳ್ಳಿ. ಒಟ್ಟಿಗೆ ಸುರಿದು ಕಲಸಿದ್ರೆ ಒಂದು ಪೊಟ್ಟಣಕ್ಕೆ ಔಷಧಿ ಜಾಸ್ತಿ, ಇನ್ನೊಂದಕ್ಕೆ ಏನೂ ಇಲ್ಲ. ಅದಕ್ಕೆ ಮೊದಲು ಔಷಧಿಯಷ್ಟೇ ಪುಡಿ ತಗೊಂಡು ಅರೀಬೇಕು. ಆಮೇಲೆ ಆ ಮಿಶ್ರಣದಷ್ಟೇ ಪುಡಿ. ಮತ್ತೆ ಅದರಷ್ಟು. ಹೀಗೆ ದುಪ್ಪಟ್ಟು ಮಾಡ್ತಾ ಹೋಗೋದು. ಹಿಟ್ಟಿಗೆ ಉಪ್ಪು ಸರಿಯಾಗಿ ಹಿಡಿಯಲಿ ಅಂತ ಅಮ್ಮ ಮಾಡೋದೂ ಹೆಚ್ಚುಕಮ್ಮಿ ಇದೇ. ಲೆಕ್ಕ ಇರೋದು ಮಾತ್ರ ಇಲ್ಲಿ.

ಇನ್ನೊಂದು ಲ್ಯಾಬಿನಲ್ಲಿ ಗಿಡಮೂಲಿಕೆ. ಹಿತ್ತಲಿನ ಆಡುಸೋಗೆ ಇಲ್ಲಿ ಲ್ಯಾಟಿನ್ ಹೆಸರು ಇಟ್ಟುಕೊಂಡು ಗಾಜಿನ ಜಾಡಿಯಲ್ಲಿ ಕೂತಿರುತ್ತೆ. ಮೊದಲು ಮೂಸಬೇಕು, ಮುಟ್ಟಬೇಕು, ಬಣ್ಣ ನೋಡಬೇಕು. ಆಮೇಲೆ ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಫ್ಲೋರೊಗ್ಲುಸಿನಾಲ್ ಮತ್ತು ಆ್ಯಸಿಡ್ ಹನಿ ಹಾಕಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಕಟ್ಟಿಗೆಯಂಥ ಭಾಗ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪುಡಿಯಾಗಿ ಬಂದ ಔಷಧಿ ಅಸಲಿಯಾ ನಕಲಿಯಾ ಅಂತ ಹಿಡಿಯೋಕೆ ಇದೇ ದಾರಿ. ಕ್ವಿನೈನ್ ಕಲಬೆರಕೆಯ ಕಾಲದಿಂದ ಬಂದ ಭಯ ಪಾಠವಾಗಿ ಕೂತಿದೆ ನೋಡಿ.

ಮೂರನೇದು ಫಾರ್ಮಕಾಲಜಿ ಲ್ಯಾಬ್, ಕಪ್ಪೆಗಳದ್ದು. ಕಪ್ಪೆಯ ಹೊಟ್ಟೆಯ ಸ್ನಾಯುವಿನ ಒಂದು ಎಳೆ ತೆಗೆದು ದ್ರಾವಣದಲ್ಲಿ ತೂಗುಹಾಕ್ತಾರೆ. ಅದಕ್ಕೆ ದಾರ, ದಾರಕ್ಕೆ ಕಡ್ಡಿ, ಕಡ್ಡಿಯ ಮೊನೆ ಒಂದು ತಿರುಗೋ ಡ್ರಮ್ಮಿಗೆ ತಾಗಿರುತ್ತೆ. ಕೈಮೋಗ್ರಾಫ್ ಅಂತ ಹೆಸರು, 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಮಾಡಿದ್ದು. ಡ್ರಮ್ಮಿಗೆ ನುಣುಪು ಕಾಗದ ಸುತ್ತಿ, ಹೊಗೆಯಾಡೋ ಜ್ವಾಲೆ ಮೇಲೆ ತಿರುಗಿಸಿ ಮಸಿ ಹಿಡಿಸಬೇಕು. ಔಷಧಿ ಹನಿ ಬಿದ್ದಾಗ ಸ್ನಾಯು ಕುಗ್ಗುತ್ತೆ, ಕಡ್ಡಿ ಮೇಲೇರಿ ಮಸಿಯ ಮೇಲೆ ಬಿಳಿ ಗೆರೆ ಎಳೆಯುತ್ತೆ. ಡೋಸ್ ಹೆಚ್ಚಿಸಿದಂತೆ ಗೆರೆ ಎತ್ತರ. ಒಂದು ಹಂತ ದಾಟಿದ ಮೇಲೆ ಎಷ್ಟು ಸುರಿದರೂ ಗೆರೆ ಬೆಳೆಯಲ್ಲ. ಜಾಸ್ತಿ ಔಷಧಿ ಅಂದ್ರೆ ಜಾಸ್ತಿ ಗುಣ ಅಲ್ಲ ಅನ್ನೋದು ಕಣ್ಣೆದುರೇ ಬರೆದು ತೋರಿಸೋ ಮೇಷ್ಟ್ರು ಆ ಕಪ್ಪೆ.

ಈಗ ಪದವಿ ಕ್ಲಾಸುಗಳಲ್ಲಿ ಆ ಕಪ್ಪೆಗೆ ಬಿಡುಗಡೆ ಸಿಕ್ಕಿದೆ. ಪ್ರಾಣಿ ಪ್ರಯೋಗದ ನಿಯಮ ಬಿಗಿಯಾದವು. ಪುದುಚೇರಿಯ ಜಿಪ್ಮರ್‌ನ ಆರ್. ರವೀಂದ್ರನ್ ಎಕ್ಸ್‌ಫಾರ್ಮ್ ಅನ್ನೋ ಸಾಫ್ಟ್‌ವೇರ್ ಮಾಡಿದರು. ಅದರಲ್ಲಿ ಇದೇ ಪ್ರಯೋಗವನ್ನ ಕಂಪ್ಯೂಟರಿನಲ್ಲಿ ಮಾಡಬಹುದು. ಕೈಗೆ ಮಸಿ ಹತ್ತಲ್ಲ, ಕಪ್ಪೆ ಸಾಯಲ್ಲ. ಹಳಬರು, ಸ್ಕ್ರೀನ್ ಮೇಲೆ ಪ್ರಯೋಗ ಯಾವತ್ತೂ ಕೈಕೊಡಲ್ಲ, ಕೈಕೊಡದ ಪ್ರಯೋಗದಿಂದ ಏನು ಕಲಿತಾರೆ ಅಂತ ಗೊಣಗ್ತಾರೆ. ಆ ಮಾತಲ್ಲಿ ನಿಜ ಇದೆ. ಆದರೂ ಡಿಗ್ರಿ ಹುಡುಗರ ಒಂದು ಗೆರೆಗೋಸ್ಕರ ಸಾಲು ಸಾಲು ಕಪ್ಪೆ ಬೇಕಿತ್ತಾ ಅಂದ್ರೆ ನನ್ನ ಉತ್ತರ ಬೇಡ.

ಇದೆಲ್ಲಾ ಕಾಲೇಜಿನ ಒಳಗೆ. ಹೊರಗೆ ಅಷ್ಟರಲ್ಲಿ ಏನಾಯ್ತು? ಮಾತ್ರೆ ಸ್ಟ್ರಿಪ್‌ನಲ್ಲಿ ಬಂತು. ಸಿರಪ್ ಸೀಲ್ ಮಾಡಿದ ಬಾಟಲಿಯಲ್ಲಿ ಬಂತು. ಮೆಡಿಕಲ್ ಶಾಪಿನಲ್ಲಿ ಒರಳು ಮಾಯವಾಯ್ತು. ಅಂಗಡಿಯಲ್ಲಿ ಯಾರೂ ಮಿಕ್ಸ್ಚರ್ ಬೆರೆಸದ ಕಾಲದಲ್ಲೂ ಕಾಲೇಜಿನಲ್ಲಿ ಹುಡುಗರು ಬೆರೆಸ್ತಾನೇ ಇದ್ದರು, ರೆಕಾರ್ಡ್ ಪುಸ್ತಕ ಬರೀತಾನೇ ಇದ್ದರು. ಅಂಗಡಿಯವನ ಕೈಯಲ್ಲಿ ಉಳಿದದ್ದು ಒಂದೇ ಕೆಲಸ, ಸರಿಯಾದ ಔಷಧಿ ಕೊಟ್ಟು ಸರಿಯಾಗಿ ಹೇಳೋದು. ಆ ಹೇಳೋದನ್ನ ಕಾಲೇಜು ಎಷ್ಟು ಕಲಿಸಿತು?

1991ರ ಡಿ.ಫಾರ್ಮಾ ಸಿಲಬಸ್ ತೆಗೆದು ನೋಡಿದೆ. ನನಗೆ ಒಂದು ಹಳೇ ಸ್ನೇಹಿತ ಸಿಕ್ಕಿದ! ಡ್ರಗ್ ಸ್ಟೋರ್ ಆ್ಯಂಡ್ ಬಿಸಿನೆಸ್ ಮ್ಯಾನೇಜ್‌ಮೆಂಟ್ ಅನ್ನೋ ವಿಷಯದಲ್ಲಿ ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಲಾಭ ನಷ್ಟದ ಖಾತೆ. ನನ್ನ ಬಿ.ಕಾಂ. ಪುಸ್ತಕದ ಅದೇ ಪಾಠಗಳು. ಅಂಗಡಿ ನಡೆಸೋನಿಗೆ ಅದು ಬೇಕೇ ಬೇಕು, ಇಲ್ಲ ಅನ್ನಲ್ಲ. ರೋಗಿಗೆ ತಿಳಿಹೇಳೋ ವಿಷಯವೂ ಅದೇ ಸಿಲಬಸ್‌ನಲ್ಲಿ ಇತ್ತು, ಆಸ್ಪತ್ರೆ ಫಾರ್ಮಸಿಯ ಪಾಠದೊಳಗೆ ಒಂದು ತುಣುಕಾಗಿ. ಓದಿ, ಇಂಗ್ಲಿಷಿನಲ್ಲಿ ಉತ್ತರ ಬರೆದು ಪಾಸಾಗೋ ವಿಷಯ. ಪರೀಕ್ಷೆ ಮುಗಿದ ಮೇಲೆ 500 ಗಂಟೆ ತರಬೇತಿ ಇತ್ತು, ಅದರಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧಿ ಕೊಡಲೇಬೇಕು. ಅಂದ್ರೆ ಮಾತಾಡೋದನ್ನ ಮತ್ತೆ ಕಾಂಪೌಂಡರ್ ಥರಾನೇ ಕಲಿಯಬೇಕಾಯ್ತು. ಪಕ್ಕದಲ್ಲಿ ನಿಂತ ಹಿರಿಯರು ಚೆನ್ನಾಗಿದ್ದರೆ ಅದೃಷ್ಟ.

ಬದಲಾವಣೆಯ ಬೀಜ ಬಿದ್ದದ್ದು ದೂರದಲ್ಲಿ. 1966ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್‌ಗಳನ್ನ ಕೆಳಗಿನ ಸ್ಟೋರಿನಿಂದ ಎಬ್ಬಿಸಿ ಒಂಬತ್ತನೇ ಮಹಡಿಗೆ, ರೋಗಿಗಳು ಇರೋ ಕಡೆಗೇ ಕೂರಿಸಿದರು. ಡಾಕ್ಟರ ಜೊತೆ ಸುತ್ತಬೇಕು, ಡೋಸ್ ನೋಡಬೇಕು, ರೋಗಿ ಜೊತೆ ಮಾತಾಡಬೇಕು. ಕ್ಲಿನಿಕಲ್ ಫಾರ್ಮಸಿ ಅನ್ನೋ ಮಾತು ಅಲ್ಲಿಂದ ಜೋರಾಯ್ತು.

ಅದು ನಮ್ಮಲ್ಲಿಗೆ ಬರೋಕೆ ಸುಮಾರು ಮೂವತ್ತು ವರ್ಷ. ಬಂದು ಇಳಿದದ್ದು ಎಲ್ಲಿಗೆ ಗೊತ್ತಾ? ಮೈಸೂರಿಗೆ. 1990ರ ದಶಕದ ಕೊನೆ ಭಾಗದಲ್ಲಿ ಮೈಸೂರು ಮತ್ತು ಊಟಿಯ ಜೆಎಸ್ಎಸ್ ಕಾಲೇಜುಗಳು ಆಸ್ಟ್ರೇಲಿಯಾದ ಅಡಿಲೇಡ್‌ನ ಆಸ್ಪತ್ರೆಯ ಸಹಾಯದಿಂದ ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಎಂ.ಫಾರ್ಮಾ ಶುರು ಮಾಡಿದವು. ಪಾಠದ ಜಾಗವೇ ಬದಲಾಯ್ತು, ಲ್ಯಾಬಿನಿಂದ ವಾರ್ಡಿಗೆ. ಬಿಳಿ ಕೋಟು ಹಾಕಿದ ಫಾರ್ಮಸಿ ಹುಡುಗರು ಡಾಕ್ಟರ ಹಿಂದೆ ನಿಂತು ಕೇಸ್ ಶೀಟ್ ಓದೋಕೆ ಶುರು ಮಾಡಿದರು. "ಇವರ್ಯಾರು ಹೊಸಬರು?" ಅನ್ನೋ ನೋಟಗಳನ್ನೂ ನುಂಗಿಕೊಂಡರು.

2008ರಲ್ಲಿ ಫಾರ್ಮ್ ಡಿ ನಿಯಮ ಬಂತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಕಾಲೇಜಿಗೆ ಸ್ವಂತದ್ದೋ ಒಪ್ಪಂದದ್ದೋ 300 ಹಾಸಿಗೆಯ ಆಸ್ಪತ್ರೆ ಬೇಕು. ಇಲ್ಲಿ ರೆಕಾರ್ಡ್ ಪುಸ್ತಕದ ಸ್ವರೂಪವೇ ಬೇರೆ. ರೋಗಿ ಏನು ಹೇಳಿದರು, ಪರೀಕ್ಷೆಯಲ್ಲಿ ಏನು ಕಂಡಿತು, ನನಗೆ ಏನನ್ನಿಸುತ್ತೆ, ಮುಂದೇನು ಮಾಡೋಣ ಅಂತ ನಾಲ್ಕು ಭಾಗದಲ್ಲಿ ಬರೀಬೇಕು. ಇದಕ್ಕೆ ಸೋಪ್ ನೋಟ್ ಅಂತಾರೆ, ಸಾಬೂನಿಗೂ ಇದಕ್ಕೂ ಸಂಬಂಧ ಇಲ್ಲ. ಆ ನಾಲ್ಕರಲ್ಲಿ ಮೊದಲನೇದು ರೋಗಿಯ ಮಾತು ಅನ್ನೋದನ್ನ ಗಮನಿಸಿ.

ಮಾತು ಯಾಕೆ ಇಷ್ಟು ಮುಖ್ಯ? ಒಂದು ಔಷಧಿ ಹೇಳ್ತೀನಿ. ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ, ಅಂದ್ರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಬಹಳ ಬಳಸ್ತಾರೆ. ಇದನ್ನ ತಗೊಳ್ಳೋದು ವಾರಕ್ಕೆ ಒಂದೇ ದಿನ. ನಮಗೆಲ್ಲ ಮಾತ್ರೆ ಅಂದ್ರೆ ದಿನಾ ನುಂಗೋ ಅಭ್ಯಾಸ. ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳದಿದ್ರೆ ರೋಗಿ ದಿನಾ ನುಂಗ್ತಾರೆ. ಬಾಯಲ್ಲಿ ಹುಣ್ಣು ಏಳುತ್ತೆ, ಮೂಳೆಯೊಳಗೆ ರಕ್ತ ಹುಟ್ಟೋದು ನಿಲ್ಲುತ್ತೆ, ಜೀವಕ್ಕೇ ಬರುತ್ತೆ. ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಇದೇ ತಪ್ಪು ಮತ್ತೆ ಮತ್ತೆ ಆಗಿದೆ. ಇದರ ಜೊತೆ ಕೊಡೋ ಫೋಲಿಕ್ ಆ್ಯಸಿಡ್ ಕೂಡ ಪುಟ್ಟ ಮಾತ್ರೆ, ಎರಡೂ ಹಳದಿ ಬಣ್ಣದಲ್ಲಿ ಬರೋದೂ ಉಂಟು. ಇಲ್ಲಿ ಲ್ಯಾಬಿನ ಯಾವ ತಪ್ಪೂ ಇಲ್ಲ. ಮಾತ್ರೆ ಅಸಲಿ, ತೂಕ ಸರಿ, ಚೀಟಿ ಸರಿ. "ವಾರಕ್ಕೆ ಒಂದೇ ಸಲ, ಸೋಮವಾರ ಮಾತ್ರ" ಅನ್ನೋ ಒಂದು ಮಾತು ಕಡಿಮೆ ಬಿತ್ತು, ಅಷ್ಟೇ. ಇನ್ನು ಇನ್ಹೇಲರಿಗೆ ಹಾಕಿ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನ ನೀರಲ್ಲಿ ನುಂಗಿ, ಉಬ್ಬಸ ಕಡಿಮೆಯಾಗ್ತಿಲ್ಲ ಅಂತ ವಾಪಸ್ ಬರೋರ ಕಥೆ ಯಾವ ಫಾರ್ಮಾಸಿಸ್ಟನ್ನ ಕೇಳಿದರೂ ಹೇಳ್ತಾರೆ.

ಆ ಮಾತು ಹೇಳಬೇಕಾದದ್ದು ಯಾವ ಭಾಷೆಯಲ್ಲಿ? ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ವೈವಾ ಇಂಗ್ಲಿಷ್. ಎದುರಿಗೆ ನಿಂತವರು ಕನ್ನಡ, ತುಳು, ಉರ್ದು, ಲಂಬಾಣಿ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಕಲಿತದ್ದನ್ನ ಅರ್ಧ ನಿಮಿಷದಲ್ಲಿ, ಹಿಂದೆ ಐದು ಜನ ಕಾಯ್ತಿರೋವಾಗ, ಬೇರೆ ಭಾಷೆಗೆ ತಿರುಗಿಸಬೇಕು. ಇದಕ್ಕೆ ಪುಸ್ತಕ ಎಲ್ಲಿದೆ?

2015ರ ನಿಯಮಗಳು ರೋಗಿಗೆ ತಿಳಿಹೇಳೋದನ್ನ ಫಾರ್ಮಾಸಿಸ್ಟ್‌ನ ಕರ್ತವ್ಯ ಅಂತಲೇ ಬರೆದವು. 2020ರ ಡಿ.ಫಾರ್ಮಾ ನಿಯಮಗಳಲ್ಲಿ ಸಮುದಾಯ ಫಾರ್ಮಸಿ ಅಂತ ಒಂದು ವಿಷಯ ಬಂತು, ಅದಕ್ಕೆ ಪ್ರಾಕ್ಟಿಕಲ್ ಕೂಡ ಇದೆ. ಒಬ್ಬ ರೋಗಿಯ ಪಾತ್ರ ಮಾಡಬೇಕು, ಇನ್ನೊಬ್ಬ ಫಾರ್ಮಾಸಿಸ್ಟ್ ಪಾತ್ರ. ನಾಟಕ! ಒರಳಿನ ಜಾಗದಲ್ಲಿ ಈಗ ಸಂಭಾಷಣೆ. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಕ್ಲಾಸಿನಲ್ಲಿ ಹೇಗೆ ನಡೆಯುತ್ತೆ ಅನ್ನೋದು ಕಾಲೇಜಿಂದ ಕಾಲೇಜಿಗೆ ಬೇರೆ.

ನನ್ನ ಹೈಸ್ಕೂಲ್ ಗೆಳತಿಯೊಬ್ಬಳು ಫಾರ್ಮ್ ಡಿ ಮಾಡಿದಳು. ಇಂಟರ್ನ್‌ಶಿಪ್ ಸಮಯದ ಒಂದು ಘಟನೆ ಹೇಳಿದ್ದಳು. ಹೃದಯದ ತೊಂದರೆ ಇದ್ದ ಒಬ್ಬ ಅಜ್ಜಿಗೆ ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಬರೆದಿದ್ದರು. ಕ್ಲಾಸಿನಲ್ಲಿ ಕಲಿತ ಕ್ರಮದಲ್ಲೇ ಇವಳು ಔಷಧಿ ಹೆಸರು, ಉದ್ದೇಶ, ಡೋಸು, ಅಡ್ಡಪರಿಣಾಮ ಎಲ್ಲ ಹೇಳಿ ಮುಗಿಸಿ, "ಅರ್ಥ ಆಯ್ತಾ ಅಜ್ಜಿ?" ಅಂದಳಂತೆ. ಅಜ್ಜಿ "ಹೂಂ ಕಣವ್ವ" ಅಂದರು. ಇವಳಿಗೆ ಸಮಾಧಾನ ಆಗಲಿಲ್ಲ. "ಹಂಗಾರೆ ಎದೆನೋವು ಬಂದ್ರೆ ಏನ್ ಮಾಡ್ತೀರಾ, ನನಗೆ ಹೇಳಿ ನೋಡೋಣ" ಅಂದಳು.

"ಒಂದು ಲೋಟ ನೀರಲ್ಲಿ ನುಂಗ್ತೀನಿ."

ಇವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. "ನುಂಗಬಾರದು ಅಜ್ಜಿ. ಮೊದಲು ಕೂತ್ಕೊಳ್ಳಿ. ನಾಲಿಗೆ ಎತ್ತಿ, ಕೆಳಗೆ ಇಟ್ಕೊಳ್ಳಿ, ತಾನೇ ಕರಗಲಿ. ನೀರು ಬೇಡ." ಅಂತ ತನ್ನ ನಾಲಿಗೆಯನ್ನೇ ಎತ್ತಿ ತೋರಿಸಿದಳಂತೆ. ಅಜ್ಜಿ ನಕ್ಕು, ತಾವೂ ನಾಲಿಗೆ ಎತ್ತಿ ತೋರಿಸಿದರು. ಆಮೇಲೆ ಸ್ಟ್ರಿಪ್ ಇಟ್ಟಿದ್ದ ಕಾಗದದ ಕವರ್ ಮೇಲೆ ಇವಳು ಪೆನ್ನಿನಲ್ಲಿ ಒಂದು ಬಾಯಿ, ಒಂದು ನಾಲಿಗೆ, ನಾಲಿಗೆ ಕೆಳಗೆ ಒಂದು ಪುಟ್ಟ ಚುಕ್ಕಿ ಬರೆದು ಕೊಟ್ಟಳು.